ಆಲ್ಟೊ ಬ್ಯಾಟರಿ: ಚಾರ್ಜ್ ಮಾಡಿದರೆ ಸಾಕಾ, ಹೊಸದೇ ಹಾಕಿಸಬೇಕಾ?

ಪ್ರಶ್ನೆ:
2009ರ ಪೆಟ್ರೋಲ್ ಆಲ್ಟೊ. 35 ಎಎಚ್ (ಆ್ಯಂಪಿಯರ್-ಅವರ್, ಅಂದರೆ ಸಾಮರ್ಥ್ಯ) ಬ್ಯಾಟರಿ, ಹಾಕಿಸಿ ಮೂರು ವರ್ಷ. ವಾರಕ್ಕೆರಡು ದಿನ ನಾಲ್ಕೈದು ಕಿಲೋಮೀಟರ್ ಓಡಾಟ, ಅಷ್ಟೇ. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕಟಕ ಸದ್ದು. ಮಲ್ಟಿಮೀಟರ್ 12.1 ವೋಲ್ಟ್ ತೋರಿಸುತ್ತದೆ. ಗ್ಯಾರೇಜಿನವರು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡಿ, "ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಸರಿ ಇದೆ, ಬ್ಯಾಟರಿ ಹೋಗಿದೆ" ಅಂದರು. ಹೌದಾ?

ಉತ್ತರ 1:
ಈಗಲೇ ದುಡ್ಡು ಕೊಡಬೇಡಿ ಸರ್. 12.1 ಅಂದರೆ ಚಾರ್ಜ್ ಅರ್ಧಕ್ಕಿಂತ ಕೆಳಗಿದೆ ಎಂದಷ್ಟೇ. ತುಂಬಿದ ಬ್ಯಾಟರಿ 12.6ರ ಮೇಲಿರುತ್ತದೆ. ಐದು ಕಿಲೋಮೀಟರ್ ಓಡಾಟದಲ್ಲಿ ಸ್ಟಾರ್ಟಿಂಗ್‌ಗೆ ಖರ್ಚಾದ ಕರೆಂಟೂ ಪೂರ್ತಿ ವಾಪಸ್ ಬರುವುದಿಲ್ಲ. ಹೀಗೆ ಅರೆಹೊಟ್ಟೆಯಲ್ಲೇ ನಿಂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ಮೊದಲು ಮುಚ್ಚಳ ಬಿಚ್ಚಿ ನೀರು ನೋಡಿ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರು ಬೇಡ, ಆ್ಯಸಿಡ್ ಅಂತೂ ಬೇಡವೇ ಬೇಡ. ಗಾಳಿಯಾಡುವ ಕಡೆ 3.5 ಆ್ಯಂಪ್‌ನಲ್ಲಿ ಎಂಟು-ಹತ್ತು ಗಂಟೆ ಚಾರ್ಜ್ ಮಾಡಿ. ಹೈಡ್ರೋಜನ್ ಬರುತ್ತದೆ, ಹತ್ತಿರ ಬೆಂಕಿ ಕಡ್ಡಿ, ಬೀಡಿ ಇರಬಾರದು. ಆಮೇಲೆ ಗುರುತಿನವರೆಗೆ ನೀರು ತುಂಬಿಸಿ. ವೈರ್ ಹಾಕದೆ ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ನಿಂತಿದ್ದರೆ ಮೀಟರ್ ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಆಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಹೈಡ್ರೋಮೀಟರ್ (ಬ್ಯಾಟರಿ ಒಳಗಿನ ಆ್ಯಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಸಾಧನ) ಸಿಕ್ಕರೆ ಆರೂ ಸೆಲ್ (ಬ್ಯಾಟರಿಯ ಖಾನೆಗಳು) ನೋಡಿ: 1.260 ಆಸುಪಾಸು ಇರಬೇಕು.

ಉತ್ತರ 2:
ಮೇಲಿನದೆಲ್ಲ ಸರಿ. ಆದರೆ ಎಂಜಿನ್ ಓಡುವಾಗ ವೈರ್ ಕೀಳಲು ಇನ್ನು ಯಾರಿಗೂ ದಯವಿಟ್ಟು ಬಿಡಬೇಡಿ. ಆಲ್ಟರ್ನೇಟರ್‌ನಿಂದ ಏರಿ ಬರುವ ವೋಲ್ಟೇಜನ್ನು ತಡೆದುಕೊಳ್ಳುವುದೇ ಬ್ಯಾಟರಿ. ಅದನ್ನು ಕಿತ್ತ ಕ್ಷಣದಲ್ಲಿ ಆಲ್ಟರ್ನೇಟರ್ ಒಳಗಿನ ಡಯೋಡ್ ಸುಡಬಹುದು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಬಹುದು. ಹೆಡ್‌ಲೈಟ್ ಹಾಕಿ, ಎಂಜಿನ್ ಓಡಿಸಿ, ಬ್ಯಾಟರಿಯ ಮೇಲೆ ಅಳೆದರೆ ಸಾಕು: 13.8ರಿಂದ 14.5 ಬರಬೇಕು. ಕಡಿಮೆ ಬಂದರೆ ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲವಾಗಿದೆಯಾ ನೋಡಿ.

ಇನ್ನೊಂದು ಪರೀಕ್ಷೆ. ಬೇರೆಯವರಿಂದ ಕೀ ತಿರುಗಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ (ಟರ್ಮಿನಲ್) ಮೇಲೆ, ಇನ್ನೊಂದು ಅದನ್ನು ಹಿಡಿದಿರುವ ಕ್ಲ್ಯಾಂಪ್ ಮೇಲೆ ಇಡಿ. ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂತೋ, ತಪ್ಪು ಬ್ಯಾಟರಿಯದಲ್ಲ, ನಡುವಿನ ಬಿಳಿ ಪುಡಿಯದು. ಕ್ಲ್ಯಾಂಪ್ ಬಿಚ್ಚಿ, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಿರಿ (ಸೆಲ್ ಒಳಗೆ ಹನಿಯೂ ಹೋಗಬಾರದು), ಒರೆಸಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಓಡುವಾಗ 14.1, ಕ್ಲ್ಯಾಂಪ್ ಸರಿ ಇದೆ. ಚಾರ್ಜ್ ಆದ ಮೇಲೆ ಐದು ಸೆಲ್ 1.260, ಮೂರನೆಯದು 1.140. ಸ್ಟಾರ್ಟ್ ಮಾಡುವಾಗ 8.2ಕ್ಕೆ ಇಳಿಯುತ್ತದೆ.

ಉತ್ತರ 3:
ಹಾಗಿದ್ದರೆ ಮೂರನೇ ಸೆಲ್ ಹೋಗಿದೆ, ಬದಲಿಸಲೇಬೇಕು. ಅಂಗಡಿಗೆ ಹೋಗುವ ಮೊದಲು ಹಳೆಯದರ ಮೇಲಿನ ನಂಬರ್ ಬರೆದುಕೊಳ್ಳಿ. ಉದಾಹರಣೆಗೆ 38ಬಿ20ಎಲ್ ಎಂದಿದ್ದರೆ 20 ಅಂದರೆ ಉದ್ದ ಸೆಂಟಿಮೀಟರಲ್ಲಿ. ಕೊನೆಯ ಎಲ್ ಬದಲು ಆರ್ ತಂದರೆ ಪ್ಲಸ್ ಮೈನಸ್ ಅದಲುಬದಲಾಗಿ ವೈರ್ ಎಟುಕುವುದಿಲ್ಲ. ಎಸ್ ಸೇರಿದ್ದರೆ ದಪ್ಪ ಕಂಬ, ನಿಮ್ಮ ಕ್ಲ್ಯಾಂಪ್ ಕೂರುವುದಿಲ್ಲ. ತಯಾರಾದ ತಿಂಗಳೂ ನೋಡಿ. ಆರು ತಿಂಗಳು ಅಂಗಡಿಯಲ್ಲೇ ಕೂತದ್ದು ಬೇಡ.

10ನೇ ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೊದಲು ಕಪ್ಪು, ಹಾಕುವಾಗ ಕಪ್ಪು ಕೊನೆಗೆ. ಇಲ್ಲವಾದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗುತ್ತದೆ. ಮೇಲಿನ ಹಿಡಿಪಟ್ಟಿಯನ್ನು ಮರೆಯದೆ ಬಿಗಿ ಮಾಡಿಸಿ, ಅಲುಗಾಡಿದರೆ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತದೆ. ಹಳೆಯದನ್ನು ಗುಜರಿಗೆ ಹಾಕಬೇಡಿ, ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ಹೊಸದು ಹಾಕಿದ ಮೇಲೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ನಿಲ್ಲಿಸಿದಲ್ಲೇ ಐಡಲಿಂಗ್ ಬಿಟ್ಟರೆ ಸಾಕಾಗುವುದಿಲ್ಲ.