ಏಳನೇ ತರಗತಿಗೆ ಶಾಲೆ ಬಿಡಿಸಿ ಮನೆಯಲ್ಲಿ ಓದಿಸಿದರೆ ಸಿಇಟಿಗೆ ತೊಂದರೆಯೇ?

ಪ್ರಶ್ನೆ (ಒಬ್ಬ ತಾಯಿ, ಸಿಂಧನೂರು ತಾಲ್ಲೂಕು):
ಸರ್, ಮಗಳು ನಮ್ಮೂರ ಕನ್ನಡ ಶಾಲ್ಯಾಗ ಏಳನೇತ್ತ ಮುಗಿಸ್ಯಾಳ. ಮುಂದ ಮನ್ಯಾಗ ಓದಿಸಿ, ಎನ್‌ಐಒಎಸ್‌ನಾಗ ಹತ್ತು, ಹನ್ನೆರಡು ಬರೆಸಬೇಕಂತ ಮಾಡೇವ್ರಿ. ಅಕಿಗೆ ಇಂಜಿನಿಯರಿಂಗ್ ಆಸೆ. ಸಿಇಟಿಗೆ ತೊಂದ್ರಿ ಆಗತೈತೇನ್ರಿ?

ಉತ್ತರ (ಪ್ರವೇಶ ಸಲಹೆಗಾರರು, ರಾಯಚೂರು):
ಎನ್‌ಐಒಎಸ್ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ ಅಕ್ಕಾರೆ, ಐದು ವಿಷಯ ಪಾಸಾದ ಅದರ ಹನ್ನೆರಡನೇ ತರಗತಿ ಜೆಇಇಗೂ (ಐಐಟಿ, ಎನ್‌ಐಟಿಗಳ ಪ್ರವೇಶ ಪರೀಕ್ಷೆ) ನಡೆಯುತ್ತದೆ. ಪೆಟ್ಟು ಬೀಳೋದು ವ್ಯಾಸಂಗ ಪ್ರಮಾಣಪತ್ರದಲ್ಲಿ, ಅಂದರೆ ಯಾವ ಶಾಲೆಯಲ್ಲಿ ಎಷ್ಟು ವರ್ಷ ಓದಿದ್ದು ಅಂತ ಶಾಲೆ ಕೊಡುವ ಪತ್ರದಲ್ಲಿ. ಸರ್ಕಾರಿ ಸೀಟಿಗೆ ಯಾರು ಅರ್ಹರು ಅಂತ ಹೇಳುವ ಸಿಇಟಿಯ ‘ಎ’ ಕಲಮಿಗೆ ಒಂದರಿಂದ ಹನ್ನೆರಡರೊಳಗೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಏಳು ವರ್ಷ ಓದಿರಬೇಕು, ಹತ್ತು ಇಲ್ಲವೇ ಹನ್ನೆರಡನ್ನು ಇಲ್ಲೇ ಪಾಸಾಗಿರಬೇಕು. ನಿಮ್ಮ ಮಗಳಿಗೆ ಏಳು ವರ್ಷವೇನೋ ತುಂಬಿದೆ. ಆದರೆ ಗ್ರಾಮೀಣ ಮೀಸಲಾತಿಗೂ (ಶೇ 15) ಕನ್ನಡ ಮಾಧ್ಯಮ ಮೀಸಲಾತಿಗೂ (ಶೇ 5) ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಎಂಟಕ್ಕೇ ಬಿಡಿಸಿದರೆ ಎರಡೂ ಕೈತಪ್ಪುತ್ತವೆ, ಆಮೇಲೆ ಯಾವ ಕಚೇರಿಗೆ ಅಲೆದರೂ ಬರಲ್ಲ.

ಹೀಗಾಗಿ ಇನ್ನು ಮೂರು ವರ್ಷ ತಡೆಯಿರಿ. ಊರಲ್ಲೇ ಎಸ್‌ಎಸ್‌ಎಲ್‌ಸಿ ಮುಗಿಯಲಿ, ಹನ್ನೊಂದು-ಹನ್ನೆರಡನ್ನು ಮನೆಯಲ್ಲಿ ಓದಿಸಿ.

ಕಲ್ಯಾಣ ಕರ್ನಾಟಕದವರಿಗೆ ಕೊಡುವ 371ಜೆ ಸರ್ಟಿಫಿಕೇಟಿಗೆ ಈ ಭಯ ಇಲ್ಲ. ಅದು ಹುಟ್ಟು ಇಲ್ಲವೇ ವಾಸದ ಮೇಲೆ ಸಿಗೋದು, ಎ.ಸಿ. (ಉಪವಿಭಾಗಾಧಿಕಾರಿ) ಸಹಿಯದ್ದು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರ ಮೀಸಲು ಇರೋದು ಅದರ ಮೇಲೇ. ಸಿಇಟಿ ಅರ್ಜಿ ಬರುವವರೆಗೆ ಕಾಯದೆ ಈಗಲೇ ಮಾಡಿಸಿಡಿ, ಹೆಸರಿನ ಇನಿಷಿಯಲ್ ಶಾಲೆ ದಾಖಲೆಯಲ್ಲಿ ಇದ್ದಂಗೇ ಇರಲಿ.

ಮರುಪ್ರಶ್ನೆ:
ಎಸ್‌ಎಸ್‌ಎಲ್‌ಸಿ ಆದಮ್ಯಾಲ ಒಂದೇ ವರ್ಷದಾಗ ಹನ್ನೆರಡು ಮುಗಿಸಬಹುದಂತ ಟ್ಯೂಷನ್‌ನವ್ರು ಹೇಳಾಕತ್ತಾರ್ರಿ. ಮತ್ತ ಮನ್ಯಾಗ ಲ್ಯಾಬ್ ಹೆಂಗ್ರಿ?

ಉತ್ತರ (ಪಿಯು ಭೌತಶಾಸ್ತ್ರ ಉಪನ್ಯಾಸಕರು, ಬಳ್ಳಾರಿ):
ನಂಬಬೇಡಿ. ಹತ್ತು ಪಾಸಾಗಿ ಎರಡು ವರ್ಷ ತುಂಬದೆ ಎನ್‌ಐಒಎಸ್ ಹನ್ನೆರಡರ ಪ್ರಮಾಣಪತ್ರ ಕೊಡಲ್ಲ. ಮೊದಲ ವರ್ಷಕ್ಕೆ ನಾಲ್ಕು ವಿಷಯದವರೆಗೆ ಬರೆಯಬಹುದು. ಭಾಷೆಯಂಥ ಹಗುರ ವಿಷಯ ಮುಗಿಸಿಕೊಂಡು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎರಡನೇ ವರ್ಷಕ್ಕಿಡಿ. ಶೇ 33ಕ್ಕೆ ಪಾಸು ಅಂತ ಸಮಾಧಾನ ಬೇಡ: ಇಂಜಿನಿಯರಿಂಗ್ ಸೀಟಿಗೆ ಈ ಮೂರರಲ್ಲಿ ಒಟ್ಟು ಶೇ 45 ಬೇಕು (ಮೀಸಲು ವರ್ಗಕ್ಕೆ 40), ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾರವೂ ಈ ಅಂಕಗಳದ್ದೇ.

ಪ್ರಾಯೋಗಿಕ ಪರೀಕ್ಷೆ 20 ಅಂಕದ್ದು, ಅದನ್ನು ಬೇರೆಯಾಗಿಯೇ ಪಾಸಾಗಬೇಕು. ಮನೆ ಮಕ್ಕಳು ಎಡವೋದು ಇಲ್ಲೇ. ವಿಡಿಯೋ ನೋಡಿದ್ದಷ್ಟೇ ಆಗಿರುತ್ತದೆ, ಬ್ಯೂರೆಟ್ (ದ್ರವ ಅಳೆಯುವ ಗಾಜಿನ ನಳಿಕೆ) ಮುಟ್ಟಿರಲ್ಲ. ಕಣ್ಣನ್ನು ದ್ರವದ ಮಟ್ಟಕ್ಕೆ ತರದೆ ಮೇಲಿನಿಂದ ನೋಡಿ ಓದುತ್ತಾರೆ, ಮೂರು ಸಲದ ಅಳತೆ ತಾಳೆಯಾಗಲ್ಲ. ಎನ್‌ಐಒಎಸ್‌ಗೆ ಪ್ರವೇಶ ಪಡೆಯುವಾಗ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ಅಧ್ಯಯನ ಕೇಂದ್ರ ಆರಿಸಬೇಡಿ. ಹೋಗಿ ಲ್ಯಾಬ್ ತೆರೆಸಿ ನೋಡಿ, ಸಂಪರ್ಕ ತರಗತಿ (ಕೇಂದ್ರದಲ್ಲೇ ಎದುರಿಗೆ ಮಾಡುವ ಪಾಠ) ನಿಜಕ್ಕೂ ನಡೆಸುತ್ತಾರಾ ಕೇಳಿ.

ಓದಿಗೆ ಎನ್‌ಐಒಎಸ್ ಪುಸ್ತಕವೊಂದೇ ಸಾಲದು, ಪಕ್ಕದಲ್ಲಿ ಎನ್‌ಸಿಇಆರ್‌ಟಿ ಇರಲಿ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯಲ್ಲ. ಗಡಿಯಾರ ಇಟ್ಟು ವಾರಕ್ಕೊಂದು ಹಳೇ ಪತ್ರಿಕೆ ಮಾಡಿಸಿ, ಯಾವ ಪ್ರಶ್ನೆಯನ್ನೂ ಖಾಲಿ ಬಿಡದಂತೆ ಹೇಳಿ.