ಟಿಕಿಂಟರ್: ಬಟನ್ ಒತ್ತೂ ಮೊದಲ ಎರರ್, ವಿಂಡೋನೇ ತೆರೀವಲ್ದು

ಪ್ರಶ್ನೆ (ವಿಜಯಪುರ)
ಮಣೂಕದ (ಒಣದ್ರಾಕ್ಷಿ) ಬಿಲ್ಲಿಗೆ ಪೈಥಾನಿನ್ಯಾಗ ವಿಂಡೋ ಮಾಡೂ ಲೈಬ್ರರಿ ಟಿಕಿಂಟರ್‌ನಾಗ ಸಣ್ಣ ವಿಂಡೋ ಮಾಡ್ಲಿಕತ್ತೀನ್ರಿ. ಬಾಕ್ಸ್ ಎಷ್ಟು, ಕಿಲೋ ದರ ಎಷ್ಟು ಅಂತ ಎರಡು ಎಂಟ್ರಿ (ಅಂಕಿ ಹೊಡಿಯೂ ಖಾನೆ), ಒಂದು ಬಟನ್, ಮೊತ್ತ ತೋರಸಲಿಕ್ಕ ಲೇಬಲ್. ಎಂಟ್ರಿ ಓದಿ ಗುಣಸೂ ಫಂಕ್ಷನ್ ‘ಲೆಕ್ಕ’. ಬಾಕ್ಸಿಗೆ 15 ಕಿಲೋ. ರನ್ ಮಾಡಿದ್ರ ‘ನನ್‌ಟೈಪ್ ಆಬ್ಜೆಕ್ಟ್ ಹ್ಯಾಸ್ ನೋ ಆಟ್ರಿಬ್ಯೂಟ್ ಗೆಟ್’ ಅಂತದ. ಸಾಲು ಹಿಂಗವ:

ಬಾಕ್ಸ್ = ಎಂಟ್ರಿ(ರೂಟ್).ಗ್ರಿಡ್(ರೋ=0, ಕಾಲಮ್=1)
ಬಟನ್(ರೂಟ್, ಟೆಕ್ಸ್ಟ್="ಮೊತ್ತ", ಕಮಾಂಡ್=ಲೆಕ್ಕ()).ಗ್ರಿಡ್(ರೋ=2, ಕಾಲಮ್=1)

ಉತ್ತರ (ಬೆಳಗಾವಿ)
ಎರಡೂ ಸಾಲಿನ್ಯಾಗ ಒಂದೊಂದು ತಪ್ಪೈತ್ರಿ, ಒಂದು ಇನ್ನೊಂದನ್ನ ಮುಚ್ಚೈತಿ.

ಗ್ರಿಡ್ ವಿಂಡೋದಾಗ ಜಾಗಕ್ಕ ಕೂಡಸತೈತಿ ಅಷ್ಟ, ಏನೂ ವಾಪಸ್ ಕೊಡೂದಿಲ್ಲ, ಬರೂದು ‘ನನ್’ (ಏನೂ ಇಲ್ಲ). ಹಂಗಾಗಿ ನಿಮ್ಮ ‘ಬಾಕ್ಸ್’ನಾಗ ಎಂಟ್ರಿ ಕುಂತೇ ಇಲ್ಲ. ಎರಡು ಸಾಲು ಮಾಡ್ರಿ:

ಬಾಕ್ಸ್ = ಎಂಟ್ರಿ(ರೂಟ್)
ಬಾಕ್ಸ್.ಗ್ರಿಡ್(ರೋ=0, ಕಾಲಮ್=1)

ದರದ ಎಂಟ್ರಿಗೂ ಹಿಂಗ ಮಾಡ್ರಿ. ಬಟನ್ ಒಂದೇ ಸಾಲಿನ್ಯಾಗ ಇದ್ರ ನಡೀತೈತಿ, ಅದನ್ನ ಮುಂದ ಎಲ್ಲೂ ಕರಿಯೂದಿಲ್ಲಲ್ಲ.

ಇಷ್ಟ ಮಾಡಿ ಬಿಟ್ರ ಈಗ ‘ಇನ್‌ವ್ಯಾಲಿಡ್ ಲಿಟರಲ್’ ಅಂತ ಬರತೈತಿ, ವಿಂಡೋ ಮತ್ತ ತೆರಿಯೂದಿಲ್ಲ. ಯಾಕಂದ್ರ ‘ಲೆಕ್ಕ()’ ಅಂತ ಬರೆದಾಗ ಬಟನ್ ಹುಟ್ಟೂ ಹೊತ್ತಿಗೇ ಫಂಕ್ಷನ್ ಓಡತೈತಿ. ಆವಾಗ ಎಂಟ್ರಿ ಖಾಲಿ, ಖಾಲಿದನ್ನ ಅಂಕಿ ಮಾಡಾಕ ಬರೂದಿಲ್ಲ. ಕಂಸ ತಗೀರಿ: ಕಮಾಂಡ್=ಲೆಕ್ಕ. ಏನರೆ ಮೌಲ್ಯ ಕಳಸೂದಿದ್ರ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಹಾಕ್ರಿ: ಕಮಾಂಡ್=ಲ್ಯಾಂಬ್ಡಾ: ಲೆಕ್ಕ(15).

ಪ್ರಶ್ನೆ (ವಿಜಯಪುರ)
ವಿಂಡೋ ಬಂತ್ರಿ! 40 ಬಾಕ್ಸ್, ದರ 180 ಹಾಕಿದ್ರ 108000 ಬರೋಬ್ಬರಿ ಬಂತು. ಆಮ್ಯಾಲ 4 ಬಾಕ್ಸ್ ಹಾಕಿದ್ರ 10800 ಬರ್ತದ, ಆದ್ರ ಆ ಕಡೆ ಈ ಕಡೆ ಹಳೇ ಅಂಕಿ ಅರ್ಧರ್ಧ ಇಣುಕತದ.

ಉತ್ತರ (ಬೆಳಗಾವಿ)
ಲೇಬಲ್ ಅನ್ನ ‘ಲೆಕ್ಕ’ದ ಒಳಗ ಮಾಡೀರಿ ಅನಸ್ತೈತಿ. ಒತ್ತಿದಷ್ಟು ಸಲ ಹೊಸಾ ಲೇಬಲ್ ಹುಟ್ಟಿ ಅದೇ ಖಾನೇದಾಗ ಹಳೇದರ ಮ್ಯಾಲ ಕೂಡತೈತಿ. ಹೊಸಾದು ಅಗಲ ಕಡಿಮಿ, ನಟ್ಟನಡುವ ಕುಂತದ್ದಕ್ಕ ಹಳೇದರ ಅಂಚು ಕಾಣತೈತಿ. ಲೇಬಲ್ ಹೊರಗ ಒಮ್ಮೆ ‘ಉತ್ತರ’ ಅಂತ ಹೆಸರಿಟ್ಟು ಮಾಡಿ, ಒಳಗ ಉತ್ತರ.ಕಾನ್ಫಿಗ್(ಟೆಕ್ಸ್ಟ್=ಮೊತ್ತ) ಅಷ್ಟ ಇಡ್ರಿ. ಅದನ್ನ ಪ್ಯಾಕ್ (ಜಾಗಕ್ಕ ಕೂಡಸೂ ಇನ್ನೊಂದು ರೀತಿ) ಮಾಡಬ್ಯಾಡ್ರಿ, ಒಂದೇ ರೂಟಿನ್ಯಾಗ ಗ್ರಿಡ್, ಪ್ಯಾಕ್ ಎರಡೂ ಕೂಡಸಿದ್ರ ಟಿಸಿಎಲ್ (ಟಿಕಿಂಟರ್ ಒಳಗಿನ ಭಾಷೆ) ಎರರ್ ಬರತೈತಿ. ಪ್ಯಾಕ್ ಬೇಕs ಬೇಕಂದ್ರ ಬ್ಯಾರೆ ಫ್ರೇಮ್ ಮಾಡ್ಕೋರಿ.

ಉತ್ತರ (ಬಾಗಲಕೋಟೆ)
ಇನ್ನೊಂದೆರಡು ಮಾತು. ದರ 182.50 ಅಂತ ಬಂದ್ರ ‘ಇಂಟ್’ (ಪೂರ್ಣಾಂಕ) ಒಪ್ಪೂದಿಲ್ಲ, ‘ಫ್ಲೋಟ್’ (ದಶಾಂಶ) ಹಾಕ್ರಿ. 1,800 ಅಂತ ಅಲ್ಪವಿರಾಮ ಹಾಕಿದ್ರ ಅದೂ ಬೀಳತೈತಿ, ಮೊದಲ ರಿಪ್ಲೇಸ್ ಮಾಡಿ ಅಲ್ಪವಿರಾಮ ತಗೀರಿ. (ಮಜಾ ಅಂದ್ರ, ೪೦ ಅಂತ ಕನ್ನಡ ಅಂಕಿ ಹೊಡದ್ರೂ ಪೈಥಾನ್ 40 ಅಂತನ ತಿಳ್ಕೊಂತೈತಿ.) ಬಟನ್ ಒತ್ತಿದ ಮ್ಯಾಲ ಬರೂ ಎರರಿಗೆ ವಿಂಡೋ ಮುಚ್ಚೂದಿಲ್ಲ, ಟರ್ಮಿನಲ್‌ನಾಗ ಅಷ್ಟ ಬರತೈತಿ. ಟರ್ಮಿನಲ್ ಇಲ್ಲದ ಓಡಿಸಿದ್ರ ಬಟನ್ ಸತ್ತಂಗ ಕಾಣತೈತಿ. ಅದಕ್ಕ ಎರರ್ ಹಿಡಿಯೂ ಟ್ರೈ–ಎಕ್ಸೆಪ್ಟ್ ಹಾಕಿ, ‘ಅಂಕಿ ಸರಿ ಹಾಕ್ರಿ’ ಅಂತ ಅದೇ ಲೇಬಲ್‌ನಾಗ ತೋರಸ್ರಿ.

ಎಂಟರ್ ಕೀಗೂ ಲೆಕ್ಕ ಬರಬೇಕಂದ್ರ ‘ರಿಟರ್ನ್’ (ದೊಡ್ಡ ಎಂಟರ್) ಒಂದನ್ನ ಬೈಂಡ್ ಮಾಡಿದ್ರ, ಅಂದ್ರ ಫಂಕ್ಷನ್ನಿಗೆ ಕಟ್ಟಿದ್ರ, ಸಾಲೂದಿಲ್ಲ. ಅಂಕಿ ಹೊಡಿಯೋರು ಬಲಗಡೆ ನಂಬರ್ ಪ್ಯಾಡಿನ ಎಂಟರ್ ಒತ್ತತಾರ, ಅದರ ಹೆಸರು ‘ಕೆಪಿ ಎಂಟರ್’, ಬ್ಯಾರೆ ಬೈಂಡ್ ಬೇಕು. ಬೈಂಡ್ ಮಾಡಿದ ಫಂಕ್ಷನ್ನಿಗೆ ಇವೆಂಟ್ ಒಂದು ತಾನಾಗೇ ಬರತೈತಿ, ಹಂಗಾಗಿ ಲ್ಯಾಂಬ್ಡಾ ಇ: ಲೆಕ್ಕ() ಅಂತ ಬರೀರಿ. ಲ್ಯಾಂಬ್ಡಾದ ಒಳಗ ಕಂಸ ಬೇಕು.

ಪ್ರಶ್ನೆ (ವಿಜಯಪುರ)
ನಂಬರ್ ಪ್ಯಾಡಿನಿಂದ್ಲೂ ಬಂತ್ರಿ. 182.50ಕ್ಕ 40 ಬಾಕ್ಸ್ 109500.0 ಅಂತ ತೋರಸ್ತದ, ಆ ಕೊನೀ ಸೊನ್ನಿ?

ಉತ್ತರ (ಬಾಗಲಕೋಟೆ)
ರೌಂಡ್ ಬ್ಯಾಡ. ಎಫ್-ಸ್ಟ್ರಿಂಗಿನ್ಯಾಗ (ಒಳಗ ಮೌಲ್ಯ ತುಂಬೂ ಪಠ್ಯ) ಮೊತ್ತದ ಮುಂದ ಕೋಲನ್ (:), ಆಮ್ಯಾಲ ‘.2ಎಫ್’ ಹಾಕ್ರಿ, 109500.00 ಬರತೈತಿ.