ಲವ್ ಬರ್ಡ್ ಎದೆ ಮೇಲೆ ಗಂಟು, ದಾರ ಕಟ್ಟಬಹುದಾ?

ಚಿಲಿಪಿಲಿ_ಶಿವಮೊಗ್ಗ:
ನಮ್ಮನೆ ನೀಲಿ ಬಜ್ಜಿಗೆ (ಬಜರಿಗರ್ ಅನ್ನೋ ಪುಟ್ಟ ಗಿಳಿ) ಐದು ವರ್ಷ, ಗಂಡು. ಅಂಗಡಿಯವರು ಲವ್ ಬರ್ಡ್ ಅಂತಲೇ ಕೊಟ್ಟಿದ್ದರು. ಎದೆ ಮೂಳೆ ಕೆಳಗಡೆ ಕಡಲೆಕಾಳಿನಷ್ಟು ಗಂಟಾಗಿದೆ. ಪುಕ್ಕ ಸರಿಸಿ ನೋಡಿದರೆ ಚರ್ಮದಡಿ ಹಳದಿಯಾಗಿ ಕಾಣುತ್ತದೆ, ಮೆತ್ತಗಿದೆ, ಬೆರಳಿಗೆ ಜಾರುತ್ತದೆ. ತಿನ್ನೋದು ಕಿರುಚೋದು ಎಲ್ಲ ಮಾಮೂಲಿ, ಹಾರೋದು ಮಾತ್ರ ಕಮ್ಮಿ. ಬುಡಕ್ಕೆ ದಾರ ಬಿಗಿದರೆ ಒಣಗಿ ಬೀಳುತ್ತದೆ ಅಂತ ಅಂಗಡಿಯವರು ಹೇಳಿದರು. ಮಾಡಬಹುದಾ?

ಗೂಡು_ಮೈಸೂರು:
ದಯವಿಟ್ಟು ದಾರ ಕಟ್ಟಬೇಡಿ!! ನಾನೂ ಯಾರದೋ ಮಾತು ಕೇಳಿ ಕಟ್ಟಿದ್ದೆ. ಮಾರನೇ ದಿನ ಹಕ್ಕಿ ಅದನ್ನೇ ಕುಕ್ಕಿ ಕುಕ್ಕಿ ರಕ್ತ ಮಾಡಿಕೊಂಡಿತ್ತು, ಅದು ಕೂರೋ ಕೋಲು ಪೂರ್ತಿ ಕೆಂಪು. ಇಷ್ಟು ಚಿಕ್ಕ ಹಕ್ಕಿಯ ಮೈಯಲ್ಲಿ ಇರೋದೇ ಸುಮಾರು 3 ಎಂಎಲ್ ರಕ್ತ, ನಾಲ್ಕು ಹನಿ ಹೋದರೂ ಅದಕ್ಕೆ ಜಾಸ್ತಿನೇ.

ಹಳೇಪಂಜರ:
ನೀವು ಹೇಳಿದ ಜಾಗ, ಬಣ್ಣ ನೋಡಿದರೆ ಕೊಬ್ಬಿನ ಗಂಟು ಇರಬಹುದು, ಡಾಕ್ಟರು ಲಿಪೋಮಾ ಅಂತಾರೆ. ಬಜ್ಜಿಗಳಲ್ಲಿ ಇದು ತುಂಬಾ ಸಾಮಾನ್ಯ, ಕ್ಯಾನ್ಸರ್ ಅಲ್ಲ. ಆದರೆ ಕಣ್ಣಲ್ಲಿ ನೋಡಿ ಖಾತ್ರಿ ಮಾಡಕ್ಕಾಗಲ್ಲ, ಹಕ್ಕಿ ನೋಡಿ ಗೊತ್ತಿರೋ ವೆಟ್ (ಪಶುವೈದ್ಯರು) ಸೂಜಿಯಲ್ಲಿ ಚೂರು ತೆಗೆದು ನೋಡಬೇಕು. ರೆಕ್ಕೆ ತುದಿಯಲ್ಲಿ ಚರ್ಮವೇ ಹಳದಿಯಾಗಿ ದಪ್ಪಗಾದರೆ ಅದು ಕ್ಸಾಂಥೋಮಾ ಇರಬಹುದು, ಅದು ಸುತ್ತಲಿನ ಮಾಂಸಕ್ಕೂ ನುಗ್ಗುತ್ತದೆ. ಕೆನರಿ ಹಕ್ಕಿಗಳಲ್ಲಿ ಗರಿ ಹೊರಗೆ ಬರದೆ ಚರ್ಮದೊಳಗೇ ಸುತ್ತಿಕೊಂಡು ಗಂಟಾಗೋದೂ ಉಂಟು.

ಅಡುಗೆ ತಕ್ಕಡಿಯಲ್ಲಿ ತೂಕ ನೋಡಿದ್ದೀರಾ? ಮಾಮೂಲಿ ಬಜ್ಜಿ 30ರಿಂದ 40 ಗ್ರಾಂ. ಊಟ ಏನು ಕೊಡ್ತೀರಿ? ಬರೀ ಕಾಳು, ಅದರಲ್ಲೂ ಸೂರ್ಯಕಾಂತಿ ಬೀಜ ಆದರೆ ಕೊಬ್ಬು ಬೆಳೆಯದೆ ಇನ್ನೇನು ಬೆಳೆಯುತ್ತೆ? ಬರೀ ಕಾಳಲ್ಲಿ ಅಯೋಡಿನ್ ಸಾಲದೆ ಥೈರಾಯ್ಡ್ ಕೆಡೋದೂ ಇದೆ, ಹಾಗಂತ ನೀವೇ ಅಯೋಡಿನ್ ಹಾಕಬೇಡಿ. ಕೊತ್ತಂಬರಿ, ನುಗ್ಗೆ ಸೊಪ್ಪು ಕೊಡಿ. ಪೆಲೆಟ್ (ಹಕ್ಕಿಗಳಿಗೆ ಅಂತಲೇ ಮಾಡಿದ ಉಂಡೆ ಆಹಾರ) ಶುರು ಮಾಡೋದಾದರೆ ನಿಧಾನಕ್ಕೆ, ಕಾಳಿನ ಜೊತೆ ಬೆರೆಸಿ. ಒಂದೇ ದಿನಕ್ಕೆ ಕಾಳು ನಿಲ್ಲಿಸಿದರೆ ಕೆಲವು ಹಕ್ಕಿಗಳು ಪೆಲೆಟ್ ತಿನ್ನೋ ವಸ್ತು ಅಂತಲೇ ತಿಳಿಯದೆ ಉಪವಾಸ ಬೀಳುತ್ತವೆ. ತೂಕ ಇಳಿದರೆ ಗಂಟೂ ಇಳಿಯಬಹುದು. ದೊಡ್ಡದಾಗಿ ಕೋಲಿಗೆ ಉಜ್ಜಿ ಹುಣ್ಣಾದರೆ ಆಪರೇಷನ್ ಬಗ್ಗೆ ಮಾತು.

ಗೂಡು_ಮೈಸೂರು:
ಬೆಣ್ಣೆಹಣ್ಣು ಮಾತ್ರ ಬೇಡ, ಹಕ್ಕಿಗಳಿಗೆ ವಿಷ.

ಚಿಲಿಪಿಲಿ_ಶಿವಮೊಗ್ಗ:
ವೆಟ್ ಹತ್ರ ಹೋಗಿ ಬಂದೆ. ಕೊಬ್ಬೇ ಅಂತೆ, ತೂಕ 49 ಗ್ರಾಂ! ಸೂರ್ಯಕಾಂತಿ ಡಬ್ಬ ಎತ್ತಿಟ್ಟೆ. ಪಂಜರ ದೊಡ್ಡದು ಮಾಡಿ ಊಟದ ಬಟ್ಟಲನ್ನು ಇನ್ನೊಂದು ತುದಿಗೆ ಕಟ್ಟಿದ್ದೇನೆ, ಹಾರಿ ತಿನ್ನಲಿ ಅಂತ. ಸದ್ಯಕ್ಕೆ ಪೆಲೆಟ್ ಒಂದೊಂದನ್ನೇ ಕೊಕ್ಕಲ್ಲಿ ಎತ್ತಿ ಆಚೆ ಎಸೀತಾ ಕೂತಿದೆ.